ಸೀಲು ಒಡೆಯದ ಎರಡು ಡಬ್ಬಿ

ನರಿಕೊಂಬು
14 ನವೆಂಬರ್ 2024

ಅಕ್ಕ ಪ್ರಭಾವತಿಗೆ ತಮ್ಮ ಶ್ರೇಯಾಂಸನ ಜಯ ಜಿನೇಂದ್ರ.

ಒಟ್ಟು ಎಷ್ಟಾಯಿತೆಂದು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಉಳಿದದ್ದು. ಆರು ದಿನವೆಂದು ಆಸ್ಪತ್ರೆಗೆ ಹೋದವನು ಇಪ್ಪತ್ತೆಂಟು ದಿನ ಇದ್ದೆ. ಒಂದು ಆಪರೇಶನ್ ಎಂದದ್ದು ಎರಡಾಯಿತು. ಹೊಟ್ಟೆಗೆ ನಾಲ್ಕು ಸಣ್ಣ ತೂತು, ಕ್ಯಾಮರಾ ಒಳಗೆ ಬಿಟ್ಟು ಕೆಲಸ ಮುಗಿಸುತ್ತೇವೆ ಎಂದಿದ್ದರು. ನಾಲ್ಕು ತೂತೂ ಉಂಟು, ಅದರ ನಡುವೆ ಒಂದು ಗೇಣು ಉದ್ದದ ಸೀಳೂ ಉಂಟು. ಇಪ್ಪತ್ತಾರು ಪಿನ್ನು. ರಕ್ತ ನಾಲ್ಕು ಬಾಟ್ಲಿ. ಐಸಿಯುವಿನಲ್ಲಿ ಆರು ದಿನ, ಅದರಲ್ಲಿ ಎರಡು ದಿನ ಎಲ್ಲಿ ಹೋಯಿತೆಂದು ನನಗೆ ಗೊತ್ತಿಲ್ಲ. ಮೈಯಿಂದ ಹದಿಮೂರು ಕಿಲೋ ಹೋಗಿದೆ. ಹಣದ ಬಾಬ್ತನ್ನು ಮಗಳು ಗ್ರೀಷ್ಮಾ ನೋಡಿಕೊಂಡಳು. ಎಷ್ಟೆಂದು ಅವಳು ಹೇಳಲಿಲ್ಲ, ಜೀವಮಾನದಲ್ಲಿ ಮೊದಲ ಸಲ ನಾನೂ ಕೇಳಲಿಲ್ಲ. ಅಷ್ಟು ದಣಿದಿದ್ದೇನೆ ಎಂದು ತಿಳಿದುಕೋ.

ಈಗ ನರಿಕೊಂಬಿನಲ್ಲಿ ಅವಳ ಮನೆಯಲ್ಲಿದ್ದೇನೆ. ಮೂಡುಬಿದಿರೆಯ ಅಂಗಡಿ ಮುಚ್ಚಿದೆ. ಫೋನಿನಿಂದ ನಿನ್ನ ಕಿವಿಗೆ ಪ್ರಯೋಜನವಿಲ್ಲ. ವಾಟ್ಸಪ್ಪಿನಲ್ಲಿ ಬರೆದರೆ ಮೊದಲು ನಿನ್ನ ಸೊಸೆ ಅನಿಷಾ ಓದುತ್ತಾಳೆ, ಸಂಜೆಯೊಳಗೆ ನೆರಿಯ ಊರು ಪೂರ್ತಿ ಓದುತ್ತದೆ. ಹಾಗಾಗಿ ಈ ಕಾಗದ.

ಆದದ್ದು ಇಷ್ಟು. ದೊಡ್ಡ ಕರುಳಿನ ಕೊನೆಯ ತಿರುವಿನಲ್ಲಿ ಗಂಟು ಇತ್ತಲ್ಲ, ಅಕ್ಟೋಬರ್ ಎಂಟಕ್ಕೆ ಆ ತುಂಡನ್ನು ತೆಗೆದು, ಎರಡು ತುದಿಗಳನ್ನು ಜೋಡಿಸಿದರು. ನಾಲ್ಕು ದಿನ ನಾನು ರಾಜ. ನಡೆದೆ, ಗಂಜಿ ಕುಡಿದೆ, ಪಕ್ಕದ ಹಾಸಿಗೆಯವನಿಗೆ ಕುಕ್ಕರಿನ ಗ್ಯಾಸ್ಕೆಟ್ ಬಗ್ಗೆ ಉಪದೇಶ ಮಾಡಿದೆ. ಐದನೆಯ ದಿನ ಜ್ವರ, ನಡುಕ, ಹೊಟ್ಟೆ ಹಲಗೆಯಂತೆ. ಜೋಡಿಸಿದ ಕಡೆ ಬಿಟ್ಟಿತ್ತು. ಮೂವತ್ತೈದು ವರ್ಷ ಸ್ಟೀಲ್ ಪಾತ್ರೆ ಮಾರಿದವನು ನಾನು. ಯಾವ ಪಾತ್ರೆಯನ್ನೂ ನೀರು ತುಂಬಿಸಿ ನೋಡದೆ ಗಿರಾಕಿಯ ಕೈಗೆ ಕೊಟ್ಟವನಲ್ಲ. ಕೊನೆಗೆ ನಾನೇ ಸೋರಿದೆ.

ಮತ್ತೆ ಹೊಟ್ಟೆ ತೆರೆದು ತೊಳೆದು, ಕರುಳಿನ ಒಂದು ಬಾಯಿಯನ್ನು ಹೊರಗೆ ತಂದು ಚೀಲ ಕಟ್ಟಿದ್ದಾರೆ. ಆರು ತಿಂಗಳ ಮಟ್ಟಿಗೆ, ಆಮೇಲೆ ಒಳಗೆ ಸೇರಿಸುತ್ತಾರಂತೆ. ಗಂಟು ಬೇರೆಲ್ಲಿಗೂ ಹರಡಿಲ್ಲ.

ಯಾಕೆ ಬಿಟ್ಟಿತು ಎಂದು ನೀನು ಕೇಳುತ್ತಿ. ಡಾಕ್ಟರಮ್ಮ ಒಂದು ಪಟ್ಟಿಯನ್ನೇ ಹೇಳಿದರು: ಸಕ್ಕರೆ ಕಾಯಿಲೆ, ರಕ್ತ ಕಡಿಮೆ, ಗಂಡಸರ ಇಕ್ಕಟ್ಟಾದ ಸೊಂಟ, ಹೊತ್ತು ಹಿಡಿದ ಆಪರೇಶನ್, ಹೊಗೆ ಸೇದುವುದು, ಹೀಗೆ. ಅಕ್ಕ, ಹೇಳಲಿಕ್ಕೆ ನಾಚಿಕೆ. ನಾನು ಬೀಡಿ ಸೇದುತ್ತಿದ್ದೆ. ಅಂಗಡಿಯ ಹಿಂದೆ, ಮಡಂತ್ಯಾರಿನ ಸಂತೆಗೆ ಹೋದಾಗ, ನಿನ್ನ ಮನೆಗೆ ಬರುವ ದಾರಿಯಲ್ಲೂ. ಅದರದ್ದೇ ಕೆಲಸ ಇದು. ಬೇರೆ ಯಾರದ್ದೂ ಅಲ್ಲ, ಬೇರೆ ಯಾವುದರದ್ದೂ ಅಲ್ಲ.

ಇನ್ನೊಂದು. ಒಡಹುಟ್ಟಿದವರೂ ಒಮ್ಮೆ ಕರುಳಿನ ಪರೀಕ್ಷೆ ಮಾಡಿಸಬೇಕು ಎಂದು ಡಾಕ್ಟರಮ್ಮ ಎರಡು ಸಲ ಹೇಳಿದ್ದಾರೆ. ಅರ್ಧ ದಿನದ ಕೆಲಸ.

ಶ್ರೇಯಾಂಸ

*

ನೆರಿಯ
24 ನವೆಂಬರ್ 2024

ಚಿ. ಶ್ರೇಯಾಂಸನಿಗೆ ಅಕ್ಕನ ಆಶೀರ್ವಾದಗಳು.

ಕಾಗದ ಓದಿ ಎರಡು ದಿನ ಬಸದಿಯ ಬಾಗಿಲು ತೆರೆದದ್ದು, ದೀಪ ಇಟ್ಟದ್ದು ಬಿಟ್ಟರೆ ಬೇರೆ ಏನೂ ಮಾಡಲಿಲ್ಲ. ಬೀಡಿ! ನಿನ್ನ ಭಾವ ನಲವತ್ತು ವರ್ಷ ಈ ಬಸದಿಯ ಪೂಜೆ ಮಾಡಿದವರು. ಅವರ ಜಗಲಿಯಲ್ಲಿ ಕುಳಿತು ಹೋಗುವ ದಾರಿಯಲ್ಲಿ ನೀನು ಬೀಡಿ ಸೇದಿದ್ದಿ. ಸಿಟ್ಟು ತಡೆಯಲಾರದೆ ಪೂಜೆಗೆ ಬಂದ ಮೂವರು ಹೆಂಗಸರಿಗೆ ಹೇಳಿಬಿಟ್ಟಿದ್ದೇನೆ. ಇನ್ನು ಬೇಕಾದರೆ ಎದುರಿಗೇ ಸೇದು, ಗೊತ್ತಿಲ್ಲದವರು ಯಾರೂ ಇಲ್ಲ.

ಒಂದು ಮಾತು ನೆನಪಿಟ್ಟುಕೋ. ಸೆಪ್ಟೆಂಬರಿನಲ್ಲಿ ನಾನು ಬರೆದು ಹೇಳಿದಂತೆ ನೋಂಪಿ ವ್ರತ ಹಿಡಿದು ಮೂವತ್ತು ದಿನ ಒಪ್ಪೊತ್ತಿನ ಊಟ ಮಾಡಿದಿ, ಹಾಲು ತುಪ್ಪ ಬಿಟ್ಟಿ. ಅದೇ ನಿನ್ನನ್ನು ಐಸಿಯುವಿನಿಂದ ಎಬ್ಬಿಸಿ ತಂದದ್ದು. ಬೀಡಿ ಇಲ್ಲದೆ ಹೋಗಿದ್ದರೆ ಆ ಸೀಳೂ ಬರುತ್ತಿರಲಿಲ್ಲ.

ನನಗೆ ಯಾವ ಪರೀಕ್ಷೆಯೂ ಬೇಡ. ಅರುವತ್ತೆಂಟು ವರ್ಷ ಆಯಿತು, ಬಸದಿಯ ಮೆಟ್ಟಿಲನ್ನು ದಿನಕ್ಕೆ ನಾಲ್ಕು ಸಲ ಹತ್ತುತ್ತೇನೆ. ಅಮ್ಮನ ಉಂಗುರ ಸಡಿಲವಾಗಿದೆ, ನೂಲು ಸುತ್ತಿಕೊಂಡಿದ್ದೇನೆ. ಅದು ಬಿಟ್ಟರೆ ಬೇರೆ ವಿಶೇಷವಿಲ್ಲ.

ಬೆಚ್ಚಗಿನ ನೀರು ಕುಡಿ.

ಪ್ರಭಾವತಿ

*

ನರಿಕೊಂಬು
9 ಡಿಸೆಂಬರ್ 2024

ಅಕ್ಕನಿಗೆ ಜಯ ಜಿನೇಂದ್ರ.

ಬೈಗುಳ ತಲುಪಿತು. ತೂಕ ಸರಿಯಾಗಿತ್ತು.

ಚೀಲದ ಜತೆ ಸಂಸಾರ ಕಲಿಯುತ್ತಿದ್ದೇನೆ. ಶಮ್ನಾ ಎಂಬ ನರ್ಸ್ ಪಕ್ಕದ ಓಣಿಯವಳು, ದಿನ ಬಿಟ್ಟು ದಿನ ಬಂದು ಗಾಯ ತೊಳೆದು, ಚೀಲ ಬದಲಿಸುವುದು ಹೇಗೆಂದು ತೋರಿಸುತ್ತಾಳೆ. ಮೊದಲ ವಾರ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. "ಅಂಕಲ್, ಇಷ್ಟು ವರ್ಷ ಪಾತ್ರೆ ಮಾರಿದ್ದೀರಿ, ಇಷ್ಟು ತೊಳೆಯಲಿಕ್ಕೆ ಆಗುವುದಿಲ್ಲವಾ ನಿಮಗೆ?" ಎಂದಳು. ಕಣ್ಣು ಬಿಟ್ಟೆ. ಈಗ ಹನ್ನೆರಡು ನಿಮಿಷದಲ್ಲಿ ಮುಗಿಸುತ್ತೇನೆ.

ಸಂಜೆ ನೇತ್ರಾವತಿಯ ಬದಿಗೆ ಇನ್ನೂರು ಹೆಜ್ಜೆ ಹೋಗುತ್ತೇನೆ. ಬರುವಾಗ ಅದೇ ದಾರಿ ಐನೂರು ಹೆಜ್ಜೆ ಆಗುತ್ತದೆ.

ನೋಂಪಿಯ ಬಗ್ಗೆ ಬರೆದಿದ್ದಿ. ಹೌದು, ಅದರ ಬಲ ಇದ್ದೇ ಇತ್ತು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಉಂಗುರದ ವಿಷಯ: ಹಳೆ ಚಿನ್ನ ಸವೆದು ಸಡಿಲ ಆಗುವುದು ಉಂಟು. ಯಾರಾದರೂ ಈ ಕಡೆ ಬರುವಾಗ ಕೊಟ್ಟು ಕಳಿಸು, ಮೂಡುಬಿದಿರೆಯ ನಮ್ಮ ಆಚಾರಿ ಕೈಯಲ್ಲಿ ಬಿಗಿ ಮಾಡಿಸುತ್ತೇನೆ.

ಪರೀಕ್ಷೆ ಮಾಡಿಸು. ಡಾಕ್ಟರಮ್ಮ ಹೇಳಿದ್ದು ಎರಡು ಸಲ, ಈ ಮೂರನೆಯದು ನನ್ನ ಲೆಕ್ಕ.

ಶ್ರೇಯಾಂಸ

*

ನೆರಿಯ
22 ಜನವರಿ 2025

ಚಿ. ಶ್ರೇಯಾಂಸನಿಗೆ ಆಶೀರ್ವಾದಗಳು.

ಆರು ವಾರ ಬರೆಯಲಿಲ್ಲ ಎಂದು ಗಾಬರಿಯಾಗಬೇಡ. ಉಂಗುರ ಸವೆದದ್ದಲ್ಲ, ಬೆರಳು ಸವೆದದ್ದು. ಮಳೆಗಾಲದಿಂದಲೇ ರಕ್ತ ಹೋಗುತ್ತಿತ್ತು. ಹೇಳಲಿಲ್ಲ. ನಿನ್ನದೇ ದೊಡ್ಡದಾಗಿತ್ತಲ್ಲ.

ಡಿಸೆಂಬರ್ ಕೊನೆಗೆ ಅನಿಷಾ ನನ್ನ ಬಟ್ಟೆ ಒಗೆಯುವಾಗ ನೋಡಿದಳು. ಮರುದಿನ ಬೆಳಿಗ್ಗೆ ಜೀಪು ತರಿಸಿ ಬೆಳ್ತಂಗಡಿಗೆ ಕರೆದುಕೊಂಡು ಹೋದಳು, ಅಲ್ಲಿಂದ ನಿನ್ನ ಡಾಕ್ಟರಮ್ಮನಲ್ಲಿಗೆ. ನಿನಗೆ ಹೇಳಬಾರದೆಂದು ಅವಳಿಂದ ಭಾಷೆ ತೆಗೆದುಕೊಂಡಿದ್ದೆ. ಗಂಟು ಉಂಟು. ನಿನ್ನದಕ್ಕಿಂತ ಸ್ವಲ್ಪ ಮೇಲೆ. ರಕ್ತ ಏರಿಸಲಿಕ್ಕೆ ಡ್ರಿಪ್ ಹಾಕಿದ್ದಾರೆ. ಫೆಬ್ರವರಿ ಹನ್ನೆರಡಕ್ಕೆ ಆಪರೇಶನ್, ಅದೇ ಸಣ್ಣ ತೂತಿನದು.

ನನಗೆ ಹೆದರಿಕೆ ಇಲ್ಲ. ಕಳೆದ ಚತುರ್ದಶಿಯಿಂದ ಅದೇ ನೋಂಪಿ ಹಿಡಿದಿದ್ದೇನೆ, ಒಪ್ಪೊತ್ತು, ಹಾಲು ತುಪ್ಪ ಇಲ್ಲ. ಆಪರೇಶನ್ನಿನ ದಿನಕ್ಕೆ ಸರಿಯಾಗಿ ಮೂವತ್ತು ಆಗುತ್ತದೆ. ನಾನು ಜನ್ಮದಲ್ಲಿ ಬೀಡಿ ಮುಟ್ಟಿದವಳಲ್ಲ. ಹಾಗಾಗಿ ನಾಲ್ಕು ತೂತು, ಆರು ದಿನ, ಮನೆಗೆ. ಡಾಕ್ಟರಮ್ಮ ಒಂದು ಪುಡಿಯ ಡಬ್ಬಿ ಕೊಟ್ಟಿದ್ದಾರೆ. ಕುಡಿಯುತ್ತೇನೆ ಎಂದು ಅನಿಷಾಳಲ್ಲಿ ಹೇಳಿದ್ದೇನೆ. ನೀನು ಅವಳಿಗೆ ಹೇಳಿಕೊಡಬೇಡ.

ಪ್ರಭಾವತಿ

*

ಮೂಡುಬಿದಿರೆ
24 ಜನವರಿ 2025

ಅಕ್ಕ,

ನಾನೀಗ ಮೂಡುಬಿದಿರೆಯ ಅಂಗಡಿಗೆ ವಾಪಸು ಬಂದಿದ್ದೇನೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಮಡಂತ್ಯಾರಿನ ಮುಂಡಪ್ಪಣ್ಣ ಬೆಳ್ತಂಗಡಿಯ ಬಸ್ಸಿನಲ್ಲಿ ಕಂಡಕ್ಟರ್, ಮೂವತ್ತು ವರ್ಷದಿಂದ ನನ್ನ ಪಾತ್ರೆಯ ಕಟ್ಟುಗಳನ್ನು ಸಾಗಿಸಿದವರು. ಅವರ ಕೈಯಲ್ಲಿ ಕೊಡುತ್ತಿದ್ದೇನೆ. "ನೆರಿಯದ ಬಸ್ಸಿನವನಿಗೆ ದಾಟಿಸ್ತೇನೆ ಮಾರಾಯ್ರೆ" ಎಂದರು. "ಬೇಡ, ನಿಮ್ಮ ಕೈಯಿಂದ ಅವಳ ಕೈಗೆ ಹೋಗಬೇಕು" ಎಂದೆ. ನನ್ನ ಮುಖ ನೋಡಿ, ಸರಿ ಎಂದರು.

ನಾನು ನಿನಗೆ ಸುಳ್ಳು ಬರೆದೆ. ಬೀಡಿ ಸೇದಿದ್ದು ನಿಜ, ಆದರೆ ಅದನ್ನು ಬಿಟ್ಟು ಆರು ವರ್ಷ ಆಗಿದೆ. ಡಾಕ್ಟರಮ್ಮ ಅದನ್ನು ಕೇಳಿ "ಒಳ್ಳೆಯದಾಯಿತು" ಎಂದು ಆ ಸಾಲಿಗೆ ಅಡ್ಡಗೀಟು ಹಾಕಿದ್ದರು. ಅವರು ಹೇಳಿದ ಪಟ್ಟಿಯಲ್ಲಿ ಒಂದು ಸಾಲನ್ನು ನಾನು ನಿನಗೆ ಬರೆಯಲೇ ಇಲ್ಲ. ಅದು ಊಟದ್ದು.

ಸೆಪ್ಟೆಂಬರಿನಲ್ಲಿ ನನಗೂ ಅದೇ ಪುಡಿ ಕೊಟ್ಟಿದ್ದರು, ಎರಡು ಡಬ್ಬಿ. ದಿನಕ್ಕೆ ಮೂರು ಸಲ ಹಾಲಿನಲ್ಲಿ ಕಲಸಿ ಕುಡಿಯಬೇಕು, ಬೇಳೆ, ಕಾಳು, ಮೊಸರು ಚೆನ್ನಾಗಿ ತಿನ್ನಬೇಕು, ಆಪರೇಶನ್ನಿಗೆ ಮೈ ತಯಾರಾಗಬೇಕು ಎಂದಿದ್ದರು. ಅದರ ಬೆನ್ನಿಗೇ ನಿನ್ನ ಕಾಗದ ಬಂತು, ನೋಂಪಿ ಹಿಡಿ ಎಂದು. ಡಾಕ್ಟರಿಗೆ ಹೇಳಬೇಡ, ಅವರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದೂ ಬರೆದಿದ್ದಿ. ಹೇಳಲಿಲ್ಲ. ಎರಡು ಡಬ್ಬಿಗಳನ್ನು ಅಂಗಡಿಯಲ್ಲಿ ಸ್ಟೀಲ್ ಡಬ್ಬಿಗಳ ಸಾಲಿನ ಹಿಂದೆ ಇಟ್ಟೆ. ಡಬ್ಬಿಗಳ ನಡುವೆ ಡಬ್ಬಿ, ಯಾರಿಗೆ ಕಾಣುತ್ತದೆ? ಕುಡಿದೆಯಾ ಎಂದು ಗ್ರೀಷ್ಮಾ ಫೋನಿನಲ್ಲಿ ಕೇಳಿದಾಗಲೆಲ್ಲ ಕುಡಿದೆ ಎಂದೆ.

ಆಸ್ಪತ್ರೆಗೆ ಸೇರಿದ ದಿನ ತೂಕ ಆರು ಕಿಲೋ ಇಳಿದಿತ್ತು. ರಕ್ತದಲ್ಲಿ ಆಲ್ಬುಮಿನ್ ಅಂತ ಒಂದನ್ನು ನೋಡುತ್ತಾರೆ, ಮೈಯಲ್ಲಿ ಗಾಯ ಕೂಡಿಸುವ ಸರಕು ಎಷ್ಟುಂಟು ಎಂಬುದರ ಗುರುತು. ಮೂರೂವರೆಯ ಮೇಲೆ ಇರಬೇಕು. ತಿಂಗಳ ಹಿಂದೆ ಇತ್ತು, ಅವತ್ತು ಎರಡು ಪಾಯಿಂಟ್ ಏಳು. ಡಾಕ್ಟರಮ್ಮ ಮುಖ ಸಣ್ಣ ಮಾಡಿದರು. ಗಂಟು ದಾರಿ ಮುಚ್ಚುತ್ತಾ ಬಂದಿತ್ತು, ಇನ್ನು ಕಾಯುವ ಹಾಗಿಲ್ಲ ಎಂದು ಮುಂದುವರಿಸಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಐಸಿಯುವಿನಿಂದ ಹೊರಗೆ ಬಂದ ಮೇಲೆ ಅವರು ಹಾಸಿಗೆಯ ಬದಿಯಲ್ಲಿ ಕುಳಿತು ಕೇಳಿದರು, "ಪುಡಿ ಕುಡಿದಿದ್ರಾ ನೀವು?"

"ಕುಡಿದಿದ್ದೆ."

ಗ್ರೀಷ್ಮಾ ಅಲ್ಲೇ ಇದ್ದಳು. ಏನೋ ದಾಖಲೆ ಹುಡುಕಲಿಕ್ಕೆ ಅಂಗಡಿಗೆ ಹೋಗಿ ಬಂದಿದ್ದಳು. ಕೈಚೀಲದಿಂದ ಎರಡು ಡಬ್ಬಿ ತೆಗೆದು ನನ್ನ ಕಾಲಿನ ಹತ್ತಿರ ಇಟ್ಟಳು. ಸೀಲು ಒಡೆದಿರಲಿಲ್ಲ.

"ಇದು ಯಾವ ಗಿರಾಕಿಗೆ ತೆಗೆದಿಟ್ಟದ್ದು ಅಪ್ಪ?"

ನಾನು ಮಾತು ಮಾರಿ ಬದುಕಿದವನು. ಅವತ್ತು ಹೊದಿಕೆಯನ್ನು ಆ ಡಬ್ಬಿಗಳ ಮೇಲೆ ಎಳೆದೆ. ಡಾಕ್ಟರಮ್ಮ ಬೈಯಲಿಲ್ಲ. "ಇದೇ ಕಾರಣ ಅಂತ ಯಾರಿಂದಲೂ ಹೇಳಲಿಕ್ಕೆ ಆಗುವುದಿಲ್ಲ. ಚೆನ್ನಾಗಿ ತಿಂದವರಿಗೂ ಜೋಡಣೆ ಬಿಡುವುದುಂಟು. ನಿಮ್ಮ ಸೊಂಟ ಇಕ್ಕಟ್ಟು, ಆಪರೇಶನ್ ಐದು ಗಂಟೆ ಹಿಡಿಯಿತು, ರಕ್ತವೂ ಕಡಿಮೆ ಇತ್ತು. ಅದನ್ನೆಲ್ಲ ನೀವು ಬದಲಿಸಲಿಕ್ಕೆ ಆಗುತ್ತಿರಲಿಲ್ಲ. ಇದೊಂದು ನಿಮ್ಮ ಕೈಯಲ್ಲಿತ್ತು" ಎಂದರು. ಅಷ್ಟೇ.

ಇದನ್ನು ನಿನಗೆ ಹೇಗೆ ಬರೆಯುವುದು? ಬೀಡಿಯ ಮೇಲೆ ಹಾಕಿದೆ. ನೀನು ಬೈದಷ್ಟೂ ಸಮಾಧಾನವಾಯಿತು, ಅಕ್ಕನಿಗೆ ಗೊತ್ತಾಗಲಿಲ್ಲ ಎಂದು. ಈಗ ನೋಡಿದರೆ ಆ ಸುಳ್ಳಿನ ಮೇಲೆಯೇ ನೀನು ಊಟ ಬಿಟ್ಟು ಕುಳಿತಿದ್ದಿ.

ಅನಿಷಾಳಿಗೆ ಫೋನು ಮಾಡಬಹುದಿತ್ತು. ಮಾಡಿದರೆ ಅವಳು ನಿನ್ನನ್ನು ಕಾಯುತ್ತಾಳೆ, ನೀನು ಅವಳ ಕಣ್ಣು ತಪ್ಪಿಸುತ್ತಿ. ತಿನ್ನದೆ ತಟ್ಟೆ ಖಾಲಿ ಮಾಡುವ ವಿದ್ಯೆ ನನಗೂ ಬರುತ್ತದೆ. ನೀನಾಗಿ ತಿನ್ನಬೇಕು. ನೋಂಪಿಯನ್ನು ಆಮೇಲೆ ಹಿಡಿ, ಇಬ್ಬರೂ ಸೇರಿ ಹಿಡಿಯುವ. ಸಿಟ್ಟು ಎಷ್ಟು ಬೇಕಾದರೂ ಮಾಡು, ಆದರೆ ಊಟ ಮಾಡಿ ಮಾಡು.

ಬುಧವಾರದೊಳಗೆ ಉತ್ತರ ಬರಬೇಕು.

ಶ್ರೇಯಾಂಸ

*

ಮೂಡುಬಿದಿರೆ
30 ಜನವರಿ 2025

ಅಕ್ಕನಿಗೆ,

ಬುಧವಾರ ಕಳೆಯಿತು. ನಿನ್ನೆ ಸಂಜೆ ಅನಿಷಾಳಿಗೆ ಫೋನು ಮಾಡಿದೆ. ನಾನೇನೂ ಹೇಳಲಿಲ್ಲ, ಅತ್ತೆ ಹೇಗಿದ್ದಾರೆ ಎಂದು ಕೇಳಿದೆ. "ಚೆನ್ನಾಗಿ ತಿನ್ನುತ್ತಾರೆ ಮಾವ. ಪುಡಿಯನ್ನೂ ಕುಡಿಯುತ್ತಾರೆ" ಎಂದಳು.

ನನ್ನ ಬಗ್ಗೆ ಗ್ರೀಷ್ಮಾ ಕೂಡ ಎಲ್ಲರಲ್ಲಿಯೂ ಹಾಗೆಯೇ ಹೇಳುತ್ತಿದ್ದಳು.

ಡಬ್ಬಿಯ ಸೀಲು ಒಡೆದಿದ್ದೀಯಾ ಇಲ್ಲವಾ, ಅಷ್ಟು ಬರೆ. ಒಂದು ಸಾಲು ಸಾಕು. ಬರೆಯದಿದ್ದರೆ ಭಾನುವಾರ ನಾನೇ ಬರುತ್ತೇನೆ. ಈ ಚೀಲ ಕಟ್ಟಿಕೊಂಡು ಮೂರು ಗಂಟೆ ಬಸ್ಸಿನಲ್ಲಿ ಕುಳಿತರೆ ಏನಾಗುತ್ತದೆ ಎಂದು ಶಮ್ನಾ ಹೇಳಿದ್ದಾಳೆ. ಆದರೂ ಬರುತ್ತೇನೆ.

ಶ್ರೇಯಾಂಸ

*

ನೆರಿಯ
1 ಫೆಬ್ರವರಿ 2025

ಶ್ರೇಯಾಂಸ,

ಬರಬೇಡ. ಒಡೆದಿದ್ದೇನೆ. ಇದನ್ನು ಇವತ್ತಿನ ಬಸ್ಸಿಗೇ ಕೊಟ್ಟು ಕಳಿಸುತ್ತಿದ್ದೇನೆ.

ಮುಂಡಪ್ಪಣ್ಣ ಕಳೆದ ಶನಿವಾರ ಮಧ್ಯಾಹ್ನ ಬಿಸಿಲಿನಲ್ಲಿ ನಡೆದು ಬಂದು ಕಾಗದ ಕೊಟ್ಟರು. ನಾನು ಓದಿ ಮುಗಿಸುವವರೆಗೆ ಜಗಲಿಯಿಂದ ಏಳಲಿಲ್ಲ. "ಉತ್ತರ ಉಂಟಾ ಅಕ್ಕ?" ಎಂದು ಕೈಸನ್ನೆಯಲ್ಲಿ ಕೇಳಿದರು. ಇಲ್ಲ ಎಂದೆ. ಆ ದಿನ ಒಪ್ಪೊತ್ತಿನ ಊಟವೂ ಇಳಿಯಲಿಲ್ಲ.

ನಿನ್ನ ಬೀಡಿ ಸುಳ್ಳೆಂದು ನನಗೆ ಡಿಸೆಂಬರಿನಲ್ಲೇ ಗೊತ್ತಿತ್ತು, ಗೊತ್ತಿಲ್ಲದವಳಂತೆ ಬರೆದೆ. ಗ್ರೀಷ್ಮಾ ವೇಣೂರಿನ ಮದುವೆಯಲ್ಲಿ ಸಿಕ್ಕಿದ್ದಳು. ನಿನ್ನ ಅಪ್ಪ ಇನ್ನೂ ಸೇದುತ್ತಾನಾ ಎಂದು ಕೇಳಿದೆ. "ಬಿಟ್ಟು ಆರು ವರ್ಷ ಆಯಿತಲ್ಲ ಅತ್ತೆ" ಎಂದು ನನ್ನ ಕಿವಿಯಲ್ಲಿ ಕೂಗಿ ಹೇಳಿದಳು. ಮದುವೆ ಮನೆಯವರೆಲ್ಲ ತಿರುಗಿ ನೋಡಿದರು. ಹಾಗಾದರೆ ತಮ್ಮ ಯಾಕೆ ಸುಳ್ಳು ಬರೆದ? ನಾನು ಕಂಡುಕೊಂಡ ಅರ್ಥ ಒಂದೇ: ಗಂಟು ಬೇರೆ ಕಡೆಗೂ ಹರಡಿದೆ, ಅದನ್ನು ಮುಚ್ಚಲಿಕ್ಕೆ ಏನೋ ಒಂದು ಕಥೆ ಕಟ್ಟಿದ್ದಾನೆ. ಈ ನೋಂಪಿಯಲ್ಲಿ ನನ್ನ ಪಾಲು ಅರ್ಧವೂ ಇರಲಿಲ್ಲ, ಶ್ರೇಯಾಂಸ. ನಿನಗಾಗಿ ಹಿಡಿದದ್ದು. ನೀನು ನನ್ನನ್ನು ಉಳಿಸಲಿಕ್ಕೆ ಹೇಳಿದ ಸುಳ್ಳಿಗೆ ನಾನು ನಿನ್ನನ್ನು ಉಳಿಸಲಿಕ್ಕೆ ಹಸಿದು ಕುಳಿತೆ.

ಮೂರು ದಿನ ನಿನ್ನ ಮೇಲೆ ಸಿಟ್ಟಿತ್ತು. ನಾಲ್ಕನೆಯ ದಿನ ನನ್ನ ಮೇಲೆ ಬಂತು. ನಿನ್ನ ಆ ಒಂದು ಗೇಣು ಸೀಳನ್ನು ನಾನು ನೋಡಿಲ್ಲ. ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಡಾಕ್ಟರಿಗೆ ಹೇಳಬೇಡ ಎಂದು ಬರೆದ ಕೈ ಇದೇ.

ಗುರುವಾರ ಬೆಳಿಗ್ಗೆ ಬಸದಿಯಲ್ಲಿ ಸ್ವಾಮಿಯ ಎದುರು ಕುಳಿತು, ಹದಿನೆಂಟು ದಿನಕ್ಕೆ ನಿಲ್ಲಿಸುತ್ತಿದ್ದೇನೆ, ಉಳಿದ ಹನ್ನೆರಡು ದಿನ ಮೈಯಲ್ಲಿ ಬಲ ಬಂದ ಮೇಲೆ ಎಂದು ಹೇಳಿ ಎದ್ದೆ. ಅನಿಷಾಳನ್ನು ಕರೆದು ಎಲ್ಲವನ್ನೂ ಹೇಳಿದೆ. ಅವಳು ಡಾಕ್ಟರಮ್ಮನಿಗೆ ಫೋನು ಮಾಡಿದಳು. ಅವರು ತೂಕ, ರಕ್ತ ಎಲ್ಲ ಕೇಳಿ ಆಪರೇಶನ್ನನ್ನು ಹನ್ನೆರಡು ದಿನ ಮುಂದೆ ಹಾಕಿದ್ದಾರೆ. ನನ್ನ ಗಂಟು ಕಾಯುತ್ತದಂತೆ. ಪುಡಿಗೆ ಸುಣ್ಣದ ರುಚಿ. ಹೆಸರುಬೇಳೆ, ಕಡಲೆ, ಮೊಸರು ಎಲ್ಲವನ್ನೂ ಅವಳು ಎದುರಿಗೆ ಕುಳಿತು ತಿನ್ನಿಸುತ್ತಾಳೆ. ಸೂರ್ಯ ಮುಳುಗುವ ಮೊದಲು ಮೂರು ಸಲ ಸರಿಯಾಗಿ ಮುಗಿಯುತ್ತದೆ. ಅದಕ್ಕೆ ಡಾಕ್ಟರಮ್ಮ ಒಪ್ಪಿದ್ದಾರೆ. ಕೇಳಿದರೆ ಒಪ್ಪುತ್ತಾರೆ ಎಂದು ನಮಗೆ ಹೊಳೆಯಲೇ ಇಲ್ಲ.

ಪ್ರಭಾವತಿ

*

ಮೂಡುಬಿದಿರೆ
16 ಮಾರ್ಚ್ 2025

ಅಕ್ಕನಿಗೆ ಜಯ ಜಿನೇಂದ್ರ.

ನೀನು ನೆರಿಯಕ್ಕೆ ಮುಟ್ಟಿ ಎರಡು ವಾರವಾಯಿತು. ಹೊಕ್ಕುಳಿನ ಹತ್ತಿರದ ತೂತು ಕೀವಾಗಿ, ಈಗ ಒಣಗಿತೆಂದು ಅನಿಷಾ ಹೇಳಿದಳು. ಐದನೆಯ ದಿನ, ಆರನೆಯ ದಿನ ನಾನು ಇಲ್ಲಿ ಅಂಗಡಿಯಲ್ಲಿ ಕುಳಿತು ಏನು ಮಾರಿದೆ, ಯಾರಿಗೆ ಮಾರಿದೆ ನೆನಪಿಲ್ಲ. ಏಳನೆಯ ದಿನ ನೀನು ಮನೆಗೆ ಹೊರಟಿದ್ದಿ ಎಂದು ಫೋನು ಬಂದಾಗ, ಒಬ್ಬ ಗಿರಾಕಿಗೆ ನೀರು ತುಂಬಿಸಿ ನೋಡದೆಯೇ ಬಾಲ್ದಿ ಕೊಟ್ಟು ಕಳಿಸಿದೆ. ಸೋರಿದರೆ ವಾಪಸು ತರುತ್ತಾನೆ.

ಯಾರಿಗೆ ಏನು ಸಿಕ್ಕಿತು ಎಂದು ಬರೆದು ಈ ಕಾಗದಗಳ ಕಟ್ಟನ್ನು ಕಟ್ಟಿಡುತ್ತೇನೆ.

ನಿನಗೆ ನಾಲ್ಕು ತೂತು, ಗಂಟು ತೆಗೆಯಲಿಕ್ಕೆ ಮೂರು ಬೆರಳಿನ ಒಂದು ಸಣ್ಣ ಗೀರು, ಏಳು ದಿನ. ಚೀಲ ಇಲ್ಲ. ಹನ್ನೆರಡು ದಿನದ ನೋಂಪಿ ಬಾಕಿ, ಅದನ್ನು ದೀಪಾವಳಿ ಕಳೆದು ನೋಡುವ.

ನನಗೆ ಏಪ್ರಿಲ್ ಇಪ್ಪತ್ತೊಂದನೆಯ ತಾರೀಕು. ಚೀಲ ತೆಗೆದು ಕರುಳನ್ನು ಒಳಗೆ ಸೇರಿಸುತ್ತಾರೆ. ಅದೂ ಒಂದು ಜೋಡಣೆ, ಅದೂ ಬಿಡಬಹುದು. ತೂಕ ಒಂಬತ್ತು ಕಿಲೋ ವಾಪಸು ಬಂದಿದೆ, ಆಲ್ಬುಮಿನ್ ಮೂರು ಪಾಯಿಂಟ್ ಎಂಟು. ಉಳಿದದ್ದು ನನ್ನ ಕೈಯಲ್ಲಿಲ್ಲ.

ಗ್ರೀಷ್ಮಾಳಿಗೆ ನನ್ನ ಮಾತಿನ ಮೇಲೆ ಇದ್ದ ನಂಬಿಕೆ ಹೋಯಿತು. ಊಟ ಮಾಡಿದೆ ಎಂದರೆ ತಟ್ಟೆಯ ಫೋಟೋ ಕಳಿಸಿ ಎನ್ನುತ್ತಾಳೆ. ಕಳಿಸುತ್ತೇನೆ.

ಅನಿಷಾಳಿಗೆ ಒಬ್ಬಳು ಅತ್ತೆ.

ಮುಂಡಪ್ಪಣ್ಣನಿಗೆ ಒಂದು ಇಡ್ಲಿ ಪಾತ್ರೆ, ದೊಡ್ಡದು. ಬೇಡ ಬೇಡ ಎಂದು ಬಸ್ಸಿಗೆ ಏರಿಸಿಕೊಂಡರು.

ಆ ಎರಡು ಡಬ್ಬಿಗಳಲ್ಲಿ ಒಂದನ್ನು ನಾನು ಕುಡಿದು ಮುಗಿಸಿದೆ, ಇನ್ನೊಂದು ಅರ್ಧವಾಗಿದೆ.

ಇನ್ನು ಒಂದು ಬಾಕಿ. ನಾನು ಬೀಡಿ ಸೇದಿ ಹೊಟ್ಟೆ ಕೆಡಿಸಿಕೊಂಡವನು ಎಂದು ನೆರಿಯದಿಂದ ವೇಣೂರಿನವರೆಗೆ ಸುದ್ದಿ ಉಂಟು. ಅದು ಸುಳ್ಳೆಂದು ಆ ಮೂವರು ಹೆಂಗಸರಿಗೆ ನೀನು ಹೇಳಬೇಕೆಂದಿದ್ದಿ ಎಂದು ಅನಿಷಾ ಬರೆದಿದ್ದಾಳೆ. ಹೇಳಬೇಡ. ಹೇಳಿದರೆ ಮತ್ತೆ ಯಾಕಾಯಿತು ಎಂದು ಕೇಳುತ್ತಾರೆ. ಆ ಹೆಸರು ನನ್ನ ಪಾಲಿಗೆ ಇರಲಿ.

ಶ್ರೇಯಾಂಸ